ಸಾಲ ತೀರಿದ ಮೇಲೆ ಸಭೆಗೆ ಹೋದರಾಯಿತೇ?

ಪ್ರಿಯ ಮಗನೇ,

ಕುವೈತಿಗೆ ಬಂದು ಮೂರು ವಾರವಾಯಿತೆಂದೂ, ಗೋದಾಮಿನಲ್ಲಿ ಸ್ಟೋರ್‌ಕೀಪರ್ ಕೆಲಸವೆಂದೂ, ವಾರದ ರಜೆಯೂ ನಮ್ಮ ಆರಾಧನೆಯೂ ಇಲ್ಲಿ ಶುಕ್ರವಾರವೇ ಆದರೂ ಆ ದಿನ ದುಡಿದರೆ ಓವರ್‌ಟೈಮ್ ಸಿಗುವುದರಿಂದ ವೀಸಾಕ್ಕೆ ಮಾಡಿದ ಸಾಲ ತೀರುವ ತನಕ, ಅಂದರೆ ಆರು ತಿಂಗಳ ಮಟ್ಟಿಗೆ, ಆರಾಧನೆಗೆ ಹೋಗದಿದ್ದರೆ ತಪ್ಪೇ ಎಂದೂ ಕೇಳಿ ಬರೆದಿದ್ದೀಯೆ. ನಿನ್ನ ಅಪ್ಪನೂ ನಾನೂ ಉಡುಪಿಯ ಸಭೆಯಲ್ಲಿ ಒಂದೇ ವರ್ಷ ದೃಢೀಕರಣ ಪಡೆದು ಪೂರ್ಣ ಸದಸ್ಯರಾದವರು. ಆ ಸಲುಗೆಯಿಂದ ಬರೆಯುತ್ತಿದ್ದೇನೆ.

ಕೋಣೆಯ ವಿಷಯಕ್ಕೆ ಹೆಚ್ಚು ಹೇಳುವುದಿಲ್ಲ. ಜಲೀಬ್ ಆಗಲಿ ಫರ್ವಾನಿಯಾ ಆಗಲಿ, ಅಡುಗೆ ಪಾಳಿಗೆ ಒಪ್ಪುವ ನಾಲ್ಕು ಜನ ಸಿಕ್ಕರೆ ಸಾಕು. ಇಲ್ಲಿನ ಗುರುತಿನ ಚೀಟಿಯಾದ ಸಿವಿಲ್ ಐಡಿ ಕೈಗೆ ಬರುವವರೆಗೆ ಸುಮ್ಮನೆ ತಿರುಗಾಡಬೇಡ. 2010ರ ಕಾರ್ಮಿಕ ಕಾಯಿದೆಯ ಪ್ರಕಾರ ವಾರಕ್ಕೆ 48 ಗಂಟೆ ಕೆಲಸ, ಒಂದು ದಿನ ಪೂರ್ತಿ ರಜೆ. ಆ ದಿನ ದುಡಿಸಿದರೆ ಕನಿಷ್ಠ ಶೇ 50ರಷ್ಟು ಹೆಚ್ಚು ಕೂಲಿಯನ್ನೂ ಬದಲಿ ರಜೆಯನ್ನೂ ಕೊಡಬೇಕು. ಆ ಹೆಚ್ಚುವರಿ ಕೂಲಿಯ ರುಚಿ ನನಗೆ ಚೆನ್ನಾಗಿ ಗೊತ್ತು.

1997ರಲ್ಲಿ ನಾನೂ ಗೋದಾಮಿಗೇ ಬಂದವನು. ಆರು ತಿಂಗಳು ಎಂದು ನಾನೂ ಲೆಕ್ಕ ಹಾಕಿದ್ದೆ. ಸಾಲ ಏಳನೆಯ ತಿಂಗಳಿಗೆ ತೀರಿತು. ಆಮೇಲೆ ತಂಗಿಯ ಮದುವೆ, ಅದರ ಮೇಲೆ ಮನೆಯ ಹೆಂಚು ಇಳಿಸಿ ತಾರಸಿ ಹಾಕುವ ಆಸೆ. ಅಮ್ಮ ಕೊಟ್ಟ ಸತ್ಯವೇದವೂ ಮಿಡಿ ಉಪ್ಪಿನಕಾಯಿಯ ಬಾಟಲಿಯೂ ಮಂಚದಡಿಯ ಪೆಟ್ಟಿಗೆಯಲ್ಲಿ ಒಟ್ಟಿಗೇ ಇದ್ದವು. ಉಪ್ಪಿನಕಾಯಿ ಎರಡು ತಿಂಗಳಲ್ಲಿ ಮುಗಿಯಿತು. ಪುಸ್ತಕವನ್ನು ನಾಲ್ಕು ವರ್ಷದ ಮೇಲೆ ತೆರೆದಾಗ ಆದಿಕಾಂಡದ ಹಾಳೆಗಳು ಸೋರಿದ ಎಣ್ಣೆಗೆ ಒಂದಕ್ಕೊಂದು ಅಂಟಿಕೊಂಡಿದ್ದವು.

ನಾನು ಕುಡಿದು ಕೆಟ್ಟವನಲ್ಲ; ಈ ದೇಶದಲ್ಲಿ ಮದ್ಯವೇ ನಿಷಿದ್ಧ. ನನ್ನ ಜಾರುವಿಕೆಗೆ ಸದ್ದಿರಲಿಲ್ಲ. ಒಂದು ದಿನ ಲಾರಿಯಲ್ಲಿ 38 ಪೆಟ್ಟಿಗೆ ಬಂದಿತ್ತು, ಚೀಟಿಯಲ್ಲಿ 40 ಎಂದಿತ್ತು. 'ಸಹಿ ಹಾಕು, ನಾಳೆ ಉಳಿದದ್ದು ಬರುತ್ತದೆ' ಎಂದರು. ನಾಳೆ ನಿಜವಾಗಿಯೂ ಬಂತು. ಮುಂದಿನ ಸಲ ಬರಲಿಲ್ಲ; ಸಂಜೆ ನನ್ನ ಮೇಜಿನ ಮೇಲೆ ಒಂದು ದಿನಾರಿನ ನೋಟು ಮಡಚಿ ಇಟ್ಟಿತ್ತು. ಮೊದಲ ನೋಟಿಗೆ ನಿದ್ದೆ ಬರಲಿಲ್ಲ, ಹತ್ತನೆಯದನ್ನು ಎಣಿಸಲೂ ಇಲ್ಲ. ಶುಕ್ರವಾರ ಪಾಪನಿವೇದನೆಯ ಪ್ರಾರ್ಥನೆಯಲ್ಲಿ ಮೊಣಕಾಲೂರುವ ರೂಢಿ ಉಳಿದಿದ್ದರೆ ಆ ಎರಡನೆಯ ಚೀಟಿಗೆ ಕೈ ನಡುಗುತ್ತಿತ್ತೆಂದು ಈಗಲೂ ಅನ್ನಿಸುತ್ತದೆ.

ಅಬ್ರಾಮನ ಸಹೋದರನ ಮಗ ಲೋಟನ ಕಥೆ ಭಾನುವಾರದ ಶಾಲೆಯಲ್ಲಿ ಕೇಳಿದವನೇ ನೀನು. ಪಾಪಕ್ಕೆ ಹೆಸರಾಗಿ ನಾಶವಾದ ಸೊದೋಮಿಗೆ ಅವನು ಒಂದೇ ದಿನದಲ್ಲಿ ಹೋದವನಲ್ಲ. ಆದಿಕಾಂಡದ ಹದಿಮೂರನೆಯ ಅಧ್ಯಾಯದಲ್ಲಿ ನೀರಾವರಿಯ ಬಯಲನ್ನು ಕಣ್ಣೆತ್ತಿ ನೋಡಿ, ಆ ಊರಿನ ಕಡೆಗೆ ಗುಡಾರವನ್ನು ಸರಿಸಿದ; ಹದಿನಾಲ್ಕರಲ್ಲಿ ಊರೊಳಗೇ ವಾಸವಾಗಿದ್ದ; ಹತ್ತೊಂಬತ್ತಕ್ಕೆ ಬರುವಾಗ ಊರಬಾಗಿಲಲ್ಲಿ ಕುಳಿತಿದ್ದ. ಅಬ್ರಾಮನು ಹೋದಹೋದಲ್ಲಿ ಯಜ್ಞವೇದಿ ಕಟ್ಟಿದ್ದು ಬರೆದಿದೆ, ಲೋಟನು ಕಟ್ಟಿದ್ದು ಎಲ್ಲಿಯೂ ಬರೆದಿಲ್ಲ. ಎಣ್ಣೆ ಹಿಡಿದ ಆ ಹಾಳೆಗಳನ್ನು ಬ್ಲೇಡಿನಿಂದ ಬಿಡಿಸುತ್ತಾ ಇದನ್ನೆಲ್ಲ ಓದಿದೆ.

ಪೆಟ್ಟಿಗೆ ತೆರೆಯುವ ಬುದ್ಧಿ ನನಗೆ ತಾನಾಗಿ ಬರಲಿಲ್ಲ. ಕೋಣೆಯಲ್ಲಿ ತೆಲುಗಿನ ಒಬ್ಬ ಹಿರಿಯರಿದ್ದರು, ಮೆಸ್ಸಿನಲ್ಲಿ ಅಡುಗೆಯವರು. ಪ್ರತಿ ಶುಕ್ರವಾರ ತಮ್ಮ ಅಂಗಿಗೆ ಇಸ್ತ್ರಿ ಹಾಕುವಾಗ ನನ್ನದಕ್ಕೂ ಹಾಕಿ ಮೊಳೆಗೆ ನೇತುಹಾಕಿ, 'ವಸ್ತಾವಾ?', ಬರುತ್ತೀಯಾ, ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೊರಟುಬಿಡುತ್ತಿದ್ದರು. ಒಮ್ಮೆಯೂ ಬುದ್ಧಿ ಹೇಳಲಿಲ್ಲ. ನಾಲ್ಕು ವರ್ಷದ ಮೇಲೆ ಒಂದು ದಿನ ಆ ಅಂಗಿಯನ್ನು ಹಾಕಿಕೊಂಡು ಹಿಂದೆಯೇ ಹೋದೆ. ಲೋಟನು ಹೊರಡದೆ ತಡಮಾಡುತ್ತಿದ್ದಾಗ, ಕರ್ತನು ಅವನನ್ನು ಕನಿಕರಿಸಿದ್ದರಿಂದ, ದೂತರು ಕೈಹಿಡಿದು ಊರ ಹೊರಗೆ ತಂದರಲ್ಲವೇ. ನನಗೆ ಆ ಕೈ ಮಸಾಲೆಯ ವಾಸನೆಯದಾಗಿತ್ತು.

ಚೀಟಿಗಳ ಸಂಗತಿಯನ್ನು ಮೇಲಿನವರಿಗೆ ಒಪ್ಪಿಕೊಂಡೆ. ಸಂಬಳದಲ್ಲಿ ಹಿಡಿದುಕೊಂಡರು, ಕೆಲಸ ಉಳಿಸಿದರು. ಅದು ಕೃಪೆಯೇ ಹೊರತು ನನ್ನ ಹೆಚ್ಚುಗಾರಿಕೆಯಲ್ಲ.

ಆದರೆ ತೀರದ ಸಾಲವೊಂದು ಉಳಿದಿದೆ. ಫೋನ್ ಮಾಡಿದಾಗಲೆಲ್ಲ ಅಮ್ಮ 'ಸಭೆಗೆ ಹೋದೆಯಾ ಮಗಾ' ಎಂದು ಕೇಳುತ್ತಿದ್ದರು, ನಾನು 'ಹ್ಞೂಂ' ಎನ್ನುತ್ತಿದ್ದೆ. ಆ ಮಾತನ್ನು ನಂಬಿ ಅವರು ಬೆಳೆ ಹಬ್ಬಕ್ಕೆ ನನ್ನ ಹೆಸರಿನಲ್ಲಿ ಸ್ತೋತ್ರಕಾಣಿಕೆಯ ಲಕೋಟೆ ಹಾಕುತ್ತಿದ್ದರಂತೆ. ನಾನು ತಿರುಗಿಕೊಳ್ಳುವ ಹಿಂದಿನ ಮಳೆಗಾಲದಲ್ಲೇ ತೀರಿಕೊಂಡರು. ದೇವರು ಕ್ಷಮಿಸಿದ್ದಾನೆಂದು ನಂಬಿದ್ದೇನೆ. ಅವರ ಕ್ಷಮೆ ಕೇಳಲು ಮಾತ್ರ ಆಗಲಿಲ್ಲ.

ತಿಂಗಳಿಗೊಂದು ಶುಕ್ರವಾರ ಡ್ಯೂಟಿ ತಪ್ಪದಿದ್ದರೆ ಮಾಡು, ನಾನು ಬೇಡವೆನ್ನುವುದಿಲ್ಲ. ಉಳಿದ ಶುಕ್ರವಾರಗಳನ್ನು ಮಾರಬೇಡ. ಮಾಲಿಯಾದಲ್ಲಿ ಬಸ್ಸಿಳಿದು ಫೋನ್ ಮಾಡು, ಕಿಬ್ಲಾದಲ್ಲಿರುವ ನ್ಯಾಷನಲ್ ಇವ್ಯಾಂಜಲಿಕಲ್ ಚರ್ಚಿನ ಆವರಣಕ್ಕೆ ನಾನೇ ಕರೆದುಕೊಂಡು ಹೋಗುತ್ತೇನೆ. ಒಂದೇ ಆವರಣದಲ್ಲಿ ಹತ್ತಾರು ಭಾಷೆಗಳ ಸಭೆಗಳು ಗಂಟೆ ಹಂಚಿಕೊಂಡು ಕೂಡುತ್ತವೆ, ಮೊದಲ ದಿನ ದಾರಿ ತಪ್ಪುವುದು ಸಹಜ. ಊರಿನಿಂದ ತಂದ ಗೀತಪುಸ್ತಕವನ್ನು ಮರೆಯಬೇಡ, ಕನ್ನಡದಲ್ಲಿ ಹಾಡುವ ನಮ್ಮ ಕೈಯಲ್ಲಿ ಇರುವ ಪ್ರತಿಗಳು ಸಾಲುವುದಿಲ್ಲ.