‘ಅವನನ್ನು ಕ್ಷಮಿಸಿಬಿಟ್ಟಿದ್ದೇನೆ’

ಆಪ್ತಸಲಹೆಗಾರ್ತಿಯಾದ ನನ್ನ ಎದುರಿನ ಕುರ್ಚಿಯಲ್ಲಿ ಕೂತು ಈ ಮಾತು ಹೇಳಿದವರು ಎಷ್ಟು ಮಂದಿಯೋ, ಲೆಕ್ಕ ಇಟ್ಟಿಲ್ಲ. ಕೆಲವರು ನಿಜಕ್ಕೂ ಪೆಟ್ಟು ತಿಂದವರು, ವರ್ಷಗಟ್ಟಲೆ ಹೆಣಗಿ ಕ್ಷಮಿಸಿದವರು. ಅವರ ಬಗ್ಗೆ ನಾನು ಬರೆಯುತ್ತಿಲ್ಲ. ಕ್ಷಮೆ ಕೇಳಬೇಕಾದ ಜಾಗದಲ್ಲಿ ನಿಂತು ಕ್ಷಮೆ ಕೊಡುತ್ತಿರುವವರೂ ಇದ್ದಾರೆ. ಅಂಥ ಒಬ್ಬರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಇದನ್ನು ಬರೆದಿದ್ದೇನೆ.

ಐವತ್ತರ ಆಸುಪಾಸಿನವರು. ಚರ್ಚಿನ ಸಭೆಯಲ್ಲಿ ಹೊಸ ವಿಶ್ವಾಸಿಗಳಿಗೆ ಶಿಷ್ಯತ್ವದ, ಅಂದರೆ ಯೇಸುವಿನ ಶಿಷ್ಯರಾಗಿ ಬಾಳುವುದನ್ನು ಕಲಿಸುವ, ತರಗತಿ ನಡೆಸುತ್ತಿದ್ದರು. ನಿದ್ದೆ ಬರುವುದಿಲ್ಲ ಎಂದು ಬಂದಿದ್ದರು. ವೈದ್ಯರಿಗೆ ತೋರಿಸಿಯಾಗಿತ್ತು. ಎರಡು ಭೇಟಿ ಕೆಲಸದ ಒತ್ತಡದ ಮಾತಿನಲ್ಲೇ ಕಳೆಯಿತು. ಮೂರನೆಯ ಸಲ ಹೊರಡಲು ಎದ್ದು ನಿಂತಾಗ ತಮ್ಮನ ವಿಷಯ ತೆಗೆದರು. ಒಂಬತ್ತು ವರ್ಷದಿಂದ ಮಾತಿಲ್ಲವಂತೆ.

“ನಾನಂತೂ ಅವನನ್ನು ಕ್ಷಮಿಸಿಬಿಟ್ಟಿದ್ದೇನೆ ಮೇಡಂ.”

“ಅವರು ನಿಮಗೆ ಮಾಡಿದ್ದೇನು?”

“ಮಾತು ಬಿಟ್ಟ.”

“ಅದಕ್ಕೆ ಮುಂಚೆ?”

ಮತ್ತೆ ಕೂತರು. ಸ್ವಲ್ಪ ಹೊತ್ತು ಬಿಟ್ಟು ಹೇಳಿದರು. ತಂದೆ ಇಬ್ಬರು ಮಕ್ಕಳಿಗೂ ಎಂದು ಬ್ಯಾಂಕಿನಲ್ಲಿ ಇಟ್ಟಿದ್ದ ಠೇವಣಿಗೆ ಇವರು ನಾಮಿನಿ. ತಂದೆ ತೀರಿಕೊಂಡ ಮೇಲೆ ಅದನ್ನು ಬಿಡಿಸಿ ಮನೆ ಕಟ್ಟಲು ಹಾಕಿಕೊಂಡರು. ತಮ್ಮ ಕೇಳಿದಾಗ, ಎಲ್ಲ ಅಪ್ಪನ ಚಿಕಿತ್ಸೆಗೇ ಹೋಯಿತು ಎಂದರು. ತಮ್ಮ ಜಗಳವಾಡಲಿಲ್ಲ, ಬರುವುದನ್ನು ನಿಲ್ಲಿಸಿದ. ಹೆಂಡತಿಗೂ ಇವರು ಚಿಕಿತ್ಸೆಯ ಸುಳ್ಳನ್ನೇ ಹೇಳಿದ್ದರು.

ಮುಂದಿನ ವಾರ ಬೈಬಲ್ ಹಿಡಿದು ಬಂದರು. ಯೇಸುವಿನ ಬೆಟ್ಟದ ಪ್ರಸಂಗ ಅವರು ತರಗತಿಯಲ್ಲಿ ಕಲಿಸುವ ಪಾಠವೇ. ಕಾಣಿಕೆ ಯಜ್ಞವೇದಿಯ ಮುಂದೆ ಬಿಟ್ಟು, ಮೊದಲು ಸಹೋದರನೊಂದಿಗೆ ರಾಜಿಯಾಗಲು ಹೋಗುವ ಮಾತನ್ನು ಬಾಯಿಪಾಠ ಹೇಳಿ ಎಂದೆ. ತಡವರಿಸದೆ ಹೇಳಿದರು: “ಕಾಣಿಕೆ ತಂದಾಗ, ನಿನ್ನ ಸಹೋದರನ ಮೇಲೆ ನಿನಗೆ ಏನಾದರೂ ಇದ್ದರೆ...”

“ತೆಗೆದು ಓದಿ,” ಎಂದೆ.

ಮತ್ತಾಯನ ಸುವಾರ್ತೆ, ಐದನೆಯ ಅಧ್ಯಾಯ. ಇಪ್ಪತ್ತನಾಲ್ಕನೆಯ ವಚನದ ಕೆಳಗೆ ಕೆಂಪು ಪೆನ್ಸಿಲಿನ ಗೆರೆ ಇತ್ತು, ಪಕ್ಕದಲ್ಲಿ ನಕ್ಷತ್ರದ ಗುರುತು. ಇಪ್ಪತ್ತಮೂರರ ಕೆಳಗೆ ಏನೂ ಇರಲಿಲ್ಲ. ಬೆರಳಿಟ್ಟು ಓದುತ್ತಾ ಬಂದವರು ಅಲ್ಲಿ ನಿಂತರು. ನಿನಗೆ ಸಹೋದರನ ಮೇಲೆ ಅಲ್ಲ, ಸಹೋದರನಿಗೆ ನಿನ್ನ ಮೇಲೆ. ಇನ್ನೊಂದು ಸಲ ಓದಿದರು, ಈ ಸಲ ದನಿ ಇಲ್ಲದೆ. “ಇಷ್ಟು ವರ್ಷ ಉಲ್ಟಾ ಕಲಿಸಿದ್ದೇನೆ,” ಎಂದರು.

ಅವರೊಬ್ಬರೇ ಅಲ್ಲ. ಈ ವಚನವನ್ನು ತಿರುಗಿಸಿ ನೆನಪಿಟ್ಟುಕೊಂಡವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನಮಗಾದ ನೋವು ತಾನಾಗಿ ನೆನಪಾಗುತ್ತದೆ. ನಮ್ಮಿಂದಾದದ್ದನ್ನು ಯಾರಾದರೂ ನೆನಪಿಸಬೇಕು. ಯೇಸು ಈ ಮಾತು ಹೇಳಿದ್ದು ಗಲಿಲಾಯದಲ್ಲಿ. ಯಜ್ಞವೇದಿ ಇದ್ದದ್ದು ಯೆರೂಸಲೇಮಿನಲ್ಲಿ, ನಡೆದರೆ ಮೂರು ನಾಲ್ಕು ದಿನದ ದಾರಿ. ಕಾಣಿಕೆ ಅಲ್ಲೇ ಬಿಟ್ಟು ಊರಿಗೆ ಹೋಗಿ ಬರುವುದೆಂದರೆ ಏನೆಂದು ಆ ಮಾತು ಕೇಳಿಸಿಕೊಂಡವರ ಕಾಲುಗಳಿಗೇ ಗೊತ್ತಿತ್ತು.

“ದೇವರು ನನ್ನನ್ನು ಕ್ಷಮಿಸಿದ್ದಾನಲ್ಲ?” ಎಂದು ಕೇಳಿದರು. ಅದನ್ನು ನಾನು ಅಲ್ಲಗಳೆಯಲಿಲ್ಲ. ಆದರೆ ತಮ್ಮನ ದುಡ್ಡು ದೇವರ ಹತ್ತಿರ ಇರಲಿಲ್ಲ, ಇವರ ಮನೆಯ ಗೋಡೆಗಳಲ್ಲಿತ್ತು.

ನಾನು ಹೇಳಿದ್ದು ಇಷ್ಟು. ಮೊದಲು ಹೆಂಡತಿಗೆ ನಿಜ ಹೇಳಿ. ಹಣ ಹೋಗುವುದು ಅವರ ಮನೆಯಿಂದಲೂ. ತಮ್ಮನ ಪಾಲು ಎಷ್ಟೆಂದು ಕಾಗದದ ಮೇಲೆ ಬರೆಯಿರಿ. ಇನ್ನೊಬ್ಬ ನಂಬಿ ಇಟ್ಟದ್ದನ್ನು ಮೋಸದಿಂದ ಇಟ್ಟುಕೊಂಡವನು ಅಸಲಿಗೆ ಐದರಲ್ಲೊಂದು ಪಾಲು ಸೇರಿಸಿ ಕೊಡಬೇಕೆಂದು ಬೈಬಲಿನ ಯಾಜಕಕಾಂಡ 6ರಲ್ಲಿದೆ. ಸುವಾರ್ತೆಯಲ್ಲಿ ಬರುವ ಸುಂಕದವ ಜಕ್ಕಾಯ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದ. ಎಷ್ಟು ಸೇರಿಸುತ್ತೀರೋ ನಿಮಗೆ ಬಿಟ್ಟದ್ದು, ಅಸಲಿಗಿಂತ ಕಡಿಮೆ ಬೇಡ. ತಮ್ಮನ ಮನೆಯಲ್ಲಿ ವಚನ ಹೇಳಬೇಡಿ, ಪ್ರಾರ್ಥನೆ ಮಾಡೋಣವೇ ಎನ್ನಬೇಡಿ, ನಾನೂ ನೊಂದಿದ್ದೇನೆ ಎಂದು ಶುರು ಮಾಡಬೇಡಿ. ಸುಳ್ಳು ಹೇಳಿದೆ ಎಂಬ ಮಾತು ನಿಮ್ಮ ಬಾಯಿಂದಲೇ ಬರಲಿ. ಅವರು ಅಪ್ಪಿಕೊಳ್ಳಬೇಕೆಂದು ಕಾಯಬೇಡಿ. ಇದನ್ನು ಸಭೆಯಲ್ಲಿ ಸಾಕ್ಷಿಯಾಗಿ ಹೇಳಬೇಡಿ. ಇದೆಲ್ಲ ಮುಗಿಯುವವರೆಗೆ ತರಗತಿ ಬೇರೆಯವರು ನಡೆಸಲಿ.

ಕೊನೆಯದಕ್ಕೇ ಅವರು ಹೆಚ್ಚು ಒದ್ದಾಡಿದ್ದು. ಹಣ ಕೊಡಲು ಒಪ್ಪಿದರು. ತರಗತಿ ಬಿಟ್ಟರೆ ಜನ ಏನಂದುಕೊಂಡಾರು ಎನ್ನುವುದು ಗಂಟಲಲ್ಲಿ ಸಿಕ್ಕಿಕೊಂಡಿತು.

ನನ್ನ ಸಹೋದ್ಯೋಗಿಯೊಬ್ಬರಿಗೆ ಇದು ಹಿಡಿಸಲಿಲ್ಲ. ಆಪ್ತಸಲಹೆಗಾರರು ದಾರಿ ತೋರಬೇಕೇ ಹೊರತು ತೀರ್ಪು ಕೊಡಬಾರದು, ನೀವು ಸಾಲ ವಸೂಲಿ ಮಾಡಿದ್ದೀರಿ ಎಂದರು. ಸಾಮಾನ್ಯವಾಗಿ ನನ್ನ ನಿಲುವೂ ಅದೇ. ಬೇರೆ ನಂಬಿಕೆಯವರು ಬಂದಿದ್ದರೆ ನಾನು ಮತ್ತಾಯನನ್ನು ತೆಗೆಯುತ್ತಿರಲಿಲ್ಲ. ಇವರು ತಮ್ಮನ್ನು ಶಿಷ್ಯನೆಂದು ಕರೆದುಕೊಂಡು, ಇತರರಿಗೂ ಅದೇ ಅಳತೆಗೋಲು ಕೊಡುತ್ತಿದ್ದವರು. ಅವರದೇ ಕೋಲನ್ನು ಅವರ ಕೈಗೆ ಕೊಟ್ಟೆ. ನಿದ್ದೆಗೆ ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳಿಸಬಹುದಿತ್ತು, ಪ್ರಾಯಶಃ ಸ್ವಲ್ಪ ನಿದ್ದೆಯೂ ಬರುತ್ತಿತ್ತು. ಅಷ್ಟಕ್ಕೇ ಬಿಡಲು ನನ್ನ ಮನಸ್ಸು ಒಪ್ಪಲಿಲ್ಲ.

ಒಂದು ಎಚ್ಚರಿಕೆ ಹೇಳಲೇಬೇಕು. ಇದೇ ವಚನ ಹಿಡಿದು, ಹೊಡೆತ ತಿಂದವಳನ್ನು “ಹೋಗಿ ರಾಜಿಯಾಗು” ಎಂದು ಹೊಡೆದವನ ಬಳಿಗೇ ಕಳಿಸುವವರಿದ್ದಾರೆ. ವಚನ “ನಡೆ” ಎನ್ನುವುದು ತಪ್ಪು ಮಾಡಿದವನಿಗೆ. ಅವಳಿಗಲ್ಲ.

ಹೆಂಡತಿಗೆ ಹೇಳಲು ಅವರಿಗೆ ಎರಡು ತಿಂಗಳು ಹಿಡಿಯಿತು. ಆಕೆ ನಾಲ್ಕು ದಿನ ಮಾತಾಡಲಿಲ್ಲವಂತೆ. ಐದನೆಯ ದಿನ ಪಾಸ್‌ಬುಕ್ ತಂದು ಮೇಜಿನ ಮೇಲಿಟ್ಟರಂತೆ. ಆಮೇಲೆ ಇವರು ತಮ್ಮನ ಮನೆಗೆ ಹೋದರು. ತಮ್ಮ ಒಳಗೆ ಕರೆಯಲಿಲ್ಲ. ಬಾಗಿಲಲ್ಲೇ ನಿಂತು ಎಲ್ಲ ಕೇಳಿ, ಚೆಕ್ ತೆಗೆದುಕೊಂಡು ನೋಡಿ, ಒಂದೇ ಮಾತು ಕೇಳಿದ:

“ಅತ್ತಿಗೆಗೆ ಗೊತ್ತಾ?”

“ಗೊತ್ತು,” ಎಂದರಂತೆ ಇವರು.