ಜೀನ್ ಜಾಸ್ತಿ ಮಾಡಿದ್ರೆ ಅಂಗ ದೊಡ್ಡದಾಗ್ತದಾ?

ಕಣ್ಣಿನ ಜೀನನ್ನು ಇಲಿಯಲ್ಲಿ ಜಾಸ್ತಿ ಮಾಡಿದ್ರೆ ಕಣ್ಣು ದೊಡ್ಡದಾಗ್ಬೇಕಲ್ವಾ, ಕ್ಲಾಸಲ್ಲಿ ಸಣ್ಣ ಆಗ್ತದೆ ಅಂದ್ರು, ಎಂತ ಕಥೆ ಅಂತ ಕೇಳಿದ್ದೀರಿ. ಕ್ಲಾಸಲ್ಲಿ ಹೇಳಿದ್ದೇ ಸರಿ ಮಾರಾಯ್ರೆ. ಕಣ್ಣು ಬೆಳೀಲಿಕ್ಕೆ ಬೇಕಾದ ಪ್ಯಾಕ್ಸ್6 ಅನ್ನುವ ಜೀನ್ ತಗೊಳ್ಳಿ, ಇಲಿಗೆ ಎರಡು ಕಾಪಿ ಉಂಟು, ಒಂದು ಕೆಟ್ರೆ ಕಣ್ಣು ಸಣ್ಣ, ಎರಡೂ ಹೋದ್ರೆ ಕಣ್ಣೇ ಇಲ್ಲ, ಮರಿ ಬದುಕುದೂ ಇಲ್ಲ. ಸರಿ, ಜಾಸ್ತಿ ಹಾಕುವ ಅಂತ 1996ರಲ್ಲಿ ಮನುಷ್ಯರ ಪ್ಯಾಕ್ಸ್6ನ ಸುಮಾರು ಕಾಪಿ ಸೇರಿಸಿದ ಇಲಿ ಮಾಡಿ ನೋಡಿದ್ರೆ ಆಗ್ಲೂ ಕಣ್ಣು ಸಣ್ಣದೇ! ಯಾಕಂದ್ರೆ ಈ ಜೀನಿಂದ ಆಗುವ ಪ್ರೋಟೀನ್ ಕಣ್ಣು ಕಟ್ಟುವ ಸಾಮಾನಲ್ಲ, ಬೇರೆ ಜೀನ್‌ಗಳನ್ನು ಆನ್ ಆಫ್ ಮಾಡುದು ಅದರ ಕೆಲಸ, ಪುಳಿಮುಂಚಿಗೆ ಹುಳಿ ಹಾಕಿದ ಹಾಗೆ, ಡಬಲ್ ಹಾಕಿದ್ರೆ ಪದಾರ್ಥ ಡಬಲ್ ಆಗುದಿಲ್ಲ, ಕೆಡ್ತದೆ ಅಷ್ಟೇ.

ನಂಗೆ ಇದಕ್ಕಿಂತ ಮಜಾ ಅನಿಸುದು ಸೋನಿಕ್ ಹೆಜ್‌ಹಾಗ್ ಅನ್ನುವ ಜೀನ್‌ದು (ಹೌದು, ವಿಡಿಯೋ ಗೇಮಿನ ಹೆಸರೇ). ಭ್ರೂಣದಲ್ಲಿ ಪ್ಯಾಂಕ್ರಿಯಾಸ್ ಮೊಳಕೆ ಬರುವ ಜಾಗದಲ್ಲಿ ಅದು ಆಫ್ ಇರ್ಬೇಕು, ಆದ್ರೆ ಪ್ಯಾಂಕ್ರಿಯಾಸ್ ಜಾಗದಲ್ಲಿ ಆನ್ ಆಗುವ ಪಿಡಿಎಕ್ಸ್1 ಜೀನಿನ ಪ್ರಮೋಟರ್ (ಜೀನ್ ಎಲ್ಲಿ, ಯಾವಾಗ ಆನ್ ಆಗ್ಬೇಕು ಅಂತ ಹೇಳುವ ಡಿಎನ್‌ಎ ಸ್ವಿಚ್) ಹಾಕಿ ಅಲ್ಲೇ ಒತ್ತಾಯದಿಂದ ಆನ್ ಮಾಡಿದಾಗ ಸುತ್ತಲಿನ ಟಿಶ್ಯೂ ಕರುಳಿನ ಸ್ನಾಯು ತರ ಬೆಳೀಲಿಕ್ಕೆ ಶುರು ಮಾಡ್ತು, ಅಂದ್ರೆ ಸೈಜ್ ಅಲ್ಲ, ಅಂಗದ ಜಾತಿಯೇ ಬದಲು.

ದೊಡ್ಡದಾಗುದು ಇಲ್ವೇ ಇಲ್ಲ ಅಂತಲ್ಲ. 2002ರಲ್ಲಿ ಕೋಶ ಒಡೆದು ಹಾಕದ ಹಾಗೆ ಮಾಡಿದ ಬೀಟಾ ಕೆಟೆನಿನ್ ಅನ್ನುವ ಪ್ರೋಟೀನನ್ನು ಮಿದುಳಿನ ಮೂಲಕೋಶಗಳಲ್ಲಿ ಜಾಸ್ತಿ ಮಾಡಿದ್ದಕ್ಕೆ, ಮಾಮೂಲಿ ನುಣ್ಣಗಿರುವ ಇಲಿ ಮಿದುಳು ದೊಡ್ಡದಾಗಿ ಮಡಿಕೆ ಬಿದ್ದಿತ್ತು.

ಮಂಗಳೂರಲ್ಲಿ ಸೆಮಿನಾರ್ ಕೊಡ್ಲಿಕ್ಕುಂಟು ಅಂದ್ರಲ್ಲ, ಪೇಪರ್ ಓದುವಾಗ ಮೊದ್ಲು ಪ್ರಮೋಟರ್ ಯಾವುದು ನೋಡಿ, ಜೀನ್ ಎಲ್ಲಿ, ಯಾವಾಗ ಆನ್ ಆಯ್ತು ಅಂತ ಗೊತ್ತಾದ್ರೆ ಅರ್ಧ ಕೆಲಸ ಆಯ್ತು.