ಆ ನಾಲ್ಕನೆಯ ಗಂಟೆ

ಪತ್ರ: ನಮ್ಮ ಎಂ.ಎ. ತರಗತಿಯಲ್ಲಿ ಕಣ್ಣು ಕಾಣದ ವಿದ್ಯಾರ್ಥಿಯೊಬ್ಬನಿದ್ದಾನೆ. ಮೂರು ಗಂಟೆಯ ಪರೀಕ್ಷೆಗೆ ಅವನಿಗೆ ನಾಲ್ಕು ಗಂಟೆ, ಜೊತೆಗೆ ಹೇಳಿದ್ದನ್ನು ಬರೆದುಕೊಡುವ ಲಿಪಿಕಾರ. ಉಳಿದವರಿಗೆ ಇದು ಅನ್ಯಾಯವಲ್ಲವೇ?
– ಇತಿಹಾಸ ಅಧ್ಯಾಪಕರು, ಬಳ್ಳಾರಿ

ಮಾನ್ಯರೇ,

ಮನಸ್ಸಿನಲ್ಲೇ ಇಟ್ಟುಕೊಳ್ಳದೆ ಕೇಳಿದಿರಿ, ಒಳ್ಳೆಯದಾಯಿತು. ಕಾನೂನಿನ ಮಾತು ಮೊದಲು ಮುಗಿಸುತ್ತೇನೆ. ಹೆಚ್ಚುವರಿ ಸಮಯ, ಲಿಪಿಕಾರರ ನೆರವು ಎರಡೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೇ ಇವೆ. ಹೆಚ್ಚುವರಿ ಸಮಯ ಗಂಟೆಗೆ ಕನಿಷ್ಠ 20 ನಿಮಿಷ ಎಂದು ಕೇಂದ್ರದ 2018ರ ಮಾರ್ಗಸೂಚಿ ಹೇಳಿತ್ತು.

ಆ ಹೆಚ್ಚುವರಿ ಗಂಟೆ ಹೇಗೆ ಖರ್ಚಾಗುತ್ತದೆ ಎಂದು ಹತ್ತಿರ ಕುಳಿತು ನೋಡಿದ್ದೀರಾ? ಅಶೋಕನ ಮಸ್ಕಿ ಶಾಸನದ ಪ್ರಶ್ನೆ ಬಂತೆನ್ನಿ. ವಿದ್ಯಾರ್ಥಿ ತಾನೇ ಕರೆತರುವ ಲಿಪಿಕಾರನ ಓದು ತನಗಿಂತ ಒಂದು ಹಂತ ಕಡಿಮೆ ಇರಬೇಕೆಂದು ಅದೇ 2018ರ ಮಾರ್ಗಸೂಚಿ ಹೇಳಿತ್ತು. ಅಶೋಕನ ಬಿರುದಾದ 'ದೇವಾನಾಂಪ್ರಿಯ' ಎಂಬ ಪದವನ್ನೇ ಕೇಳಿರದ ಲಿಪಿಕಾರ ಹುಡುಗನಿಗೆ ಅದನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಹೇಳಬೇಕು, ಬರೆದದ್ದನ್ನು ಓದಿಸಿ ಕೇಳಬೇಕು, ತಪ್ಪಿದ್ದರೆ ತಿದ್ದಿಸಬೇಕು. ಅಷ್ಟು ಹೊತ್ತೂ ಮುಂದಿನ ವಾಕ್ಯ ಜಾರದಂತೆ ಹಿಡಿದುಕೊಂಡಿರಬೇಕು.

ಪರೀಕ್ಷೆಗೆ ಮುಂಚಿನ ತಿಂಗಳುಗಳ ಕಷ್ಟ ಇದಕ್ಕಿಂತ ದೊಡ್ಡದು. ನಿಮ್ಮ ಟಿಪ್ಪಣಿಗಳು ಹಳೆಯ ನುಡಿ ಫಾಂಟಿನಲ್ಲಿವೆಯೇ? ಹಾಗಿದ್ದರೆ ನಿಮಗೆ ಕನ್ನಡವಾಗಿ ಕಾಣುವ ಆ ಪುಟದೊಳಗೆ ಇರುವುದು ರೋಮನ್ ಅಕ್ಷರ, ಚಿಹ್ನೆಗಳ ರಾಶಿ. ಓದಿ ಹೇಳುವ ತಂತ್ರಾಂಶ ಅದನ್ನೇ ಒದರುತ್ತದೆ. (ನಮ್ಮ ಪತ್ರಿಕೆಯ ಹಳೆಯ ಸಂಚಿಕೆಗಳೂ ಹಾಗೆಯೇ ಇವೆ. ಅದು ನಮ್ಮ ತಪ್ಪು, ತಿದ್ದುತ್ತಿದ್ದೇವೆ.) ಜೆರಾಕ್ಸ್ ಪುಟಗಳ ಫೋಟೊ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರೂ ಅವನಿಗೆ ನೇರವಾಗಿ ದಕ್ಕದು. ಆಗ ಅವನು ಸಹಪಾಠಿಗೆ ಬಿಡುವಾಗುವುದನ್ನು ಕಾಯುತ್ತಾನೆ, ಓದಿಸಿ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳುತ್ತಾನೆ. ಉಳಿದವರು ಅದೇ ರಾತ್ರಿ ಓದುವ ಪಾಠ ಅವನಿಗೆ ಸಿಗುವಷ್ಟರಲ್ಲಿ ತರಗತಿ ಮುಂದಿನ ಅಧ್ಯಾಯಕ್ಕೆ ಹೋಗಿರುತ್ತದೆ. ಅರ್ಥ ಮಾಡಿಕೊಳ್ಳುವ ಶಕ್ತಿ ಪೂರ್ತಿಯಿದ್ದೂ ಹೀಗೆ ಹಿಂದೆ ಬೀಳುವುದನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಕಿವಿ ಕೇಳದ, ತುಟಿ ನೋಡಿ ಅರ್ಥ ಮಾಡಿಕೊಳ್ಳುವ ವಿದ್ಯಾರ್ಥಿನಿಗೂ ಇದೇ ಪಾಡು: ನೀವು ಹಲಗೆಯ ಕಡೆ ತಿರುಗಿ ಮಾತಾಡಿದಷ್ಟು ಹೊತ್ತು ಅವಳಿಗೆ ಪಾಠವಿಲ್ಲ.

ಈ ತಿಂಗಳುಗಳ ನಷ್ಟವನ್ನು ನಾಲ್ಕನೆಯ ಗಂಟೆ ತುಂಬಿಕೊಡುವುದಿಲ್ಲ. ಬರೆಯಿಸುವಾಗ ಆಗುವ ತಡವನ್ನಷ್ಟೇ ಅದು ಸರಿದೂಗಿಸುತ್ತದೆ. ಹಾಗಾಗಿ ಅದನ್ನು ಅನ್ಯಾಯವೆನ್ನಲು ನನ್ನ ಮನಸ್ಸು ಒಪ್ಪದು.

ಮುಂದಿನ ಸೆಮಿಸ್ಟರಿನ ಟಿಪ್ಪಣಿಗಳನ್ನು ಯೂನಿಕೋಡಿಗೆ, ಅಂದರೆ ತಂತ್ರಾಂಶವೂ ಕನ್ನಡವೆಂದೇ ಗುರುತಿಸುವ ಅಕ್ಷರಗಳಿಗೆ ಬದಲಿಸಿ, ತರಗತಿಗೆ ಎರಡು ದಿನ ಮೊದಲೇ ಅವನಿಗೆ ಕಳುಹಿಸುತ್ತೀರಾ? ಬದಲಿಸುವ ಉಚಿತ ತಂತ್ರಾಂಶಗಳಿವೆ. ಆ ಸೆಮಿಸ್ಟರ್ ಮುಗಿದ ಮೇಲೆ ಅವನೊಡನೆ ಕುಳಿತು ಮಾತನಾಡಿ, ಏನು ಹೇಳಿದನೆಂದು ನಮಗೆ ಬರೆಯಿರಿ. ಅವನು ಒಪ್ಪಿದರೆ ಪ್ರಕಟಿಸುತ್ತೇವೆ.

– ಸಂ.